ಚೀನಾದಲ್ಲಿ ಟ್ರಾವೆಲ್ ಇಸಿಮ್ ಹೆಂಗೆ ನಡೀತು: ಗ್ವಾಂಗ್‌ಝೌ, ಶೆಂಝೆನ್, ಯಿವೂ ಸುತ್ತಿ ಬಂದ ಮೇಲೆ ಬರೆದ ರಿವ್ಯೂ

ಚೀನಾಕ್ಕೆ ಹೋಗ್ತೀನಿ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಅಲ್ಲಿ ವಾಟ್ಸಾಪ್ ಬರುತ್ತಾ ಅಂತ. ಬರುತ್ತೆ, ಆದ್ರೆ ನಿಮ್ಮ ಫೋನಿನ ಡೇಟಾ ಯಾವ ದಾರೀಲಿ ಹೊರಗೆ ಹೋಗುತ್ತೆ ಅನ್ನೋದರ ಮೇಲೆ ಅದು ನಿಂತಿದೆ, ಇದೊಂದು ವಿಷ್ಯ ಸರಿಯಾಗಿ ತಿಳ್ಕೊಂಡ್ರೆ ಮಿಕ್ಕಿದ್ದೆಲ್ಲ ಸುಲಭ. ಅಂಗಡಿ ಮಾಲು ನೋಡೋಕೆ ಅಂತ ಚಿಕ್ಕಪ್ಪನ ಜೊತೆ ಗ್ವಾಂಗ್‌ಝೌ, ಶೆಂಝೆನ್, ಯಿವೂ ಮೂರೂ ಕಡೆ ಓಡಾಡ್ಕೊಂಡು ಬಂದೆ. ನನ್ನ ಫೋನು ಪೂರ್ತಿ ನಡೆದಿದ್ದು ಟ್ರಾವೆಲ್ ಇಸಿಮ್ ಮೇಲೆ (ಪ್ಲಾಸ್ಟಿಕ್ ಕಾರ್ಡ್ ಇಲ್ದೇ ಫೋನಿಗೇ ಡೌನ್‌ಲೋಡ್ ಮಾಡ್ಕೊಳ್ಳೋ, ಪ್ರವಾಸಕ್ಕೆ ಅಂತ ಮಾರೋ ಸಿಮ್ಮು), ಚಿಕ್ಕಪ್ಪಂದು ನಮ್ಮ ಊರಿನ ಸಿಮ್ಮಿನ ರೋಮಿಂಗ್ ಪ್ಯಾಕ್ ಮೇಲೆ, ಜೊತೆಗೆ ಬಂದಿದ್ದ ಅವರ ಸ್ನೇಹಿತರೊಬ್ರು ಅಲ್ಲೇ ಏರ್‌ಪೋರ್ಟಲ್ಲಿ ಲೋಕಲ್ ಸಿಮ್ ತಗೊಂಡ್ರು. ಮೂರು ಫೋನು ಮೂರು ದಾರಿ, ಹಂಗಾಗಿ ಯಾವುದು ಎಲ್ಲಿ ನಡೆಯುತ್ತೆ ಎಲ್ಲಿ ಕೈ ಕೊಡುತ್ತೆ ಅಂತ ಪಕ್ಕಪಕ್ಕದಲ್ಲೇ ನೋಡೋಕೆ ಸಿಕ್ತು. ಎಸ್‌ಪಿ ರೋಡು, ಚಿಕ್ಕಪೇಟೆ ಕಡೆಯಿಂದ ಪರ್ಚೇಸಿಗೆ ಹೋಗೋರು, ಗ್ವಾಂಗ್‌ಝೌನಲ್ಲಿ ನಡೆಯೋ ದೊಡ್ಡ ವ್ಯಾಪಾರ ಮೇಳ ಕ್ಯಾಂಟನ್ ಫೇರ್‌ಗೆ ಮೊದಲನೇ ಸಲ ಹೊರಟಿರೋರು, ಅಲ್ಲಿ ಮೆಡಿಕಲ್ ಓದೋ ಮಕ್ಕಳನ್ನ ನೋಡೋಕೆ ಹೋಗೋ ಅಪ್ಪ ಅಮ್ಮಂದಿರು, ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದಲೇ ಹೇಳ್ಬಿಡ್ತೀನಿ, ನಾನು ತಗೊಂಡ ಕಂಪನಿ ಹೆಸರು ಹಾಕ್ತಿಲ್ಲ. ಈ ಇಸಿಮ್ ಮಾರೋ ಕಂಪನಿಗಳು ತುಂಬಾ ಇವೆ, ಹೆಚ್ಚಿನವಕ್ಕೆ ಸ್ವಂತ ಟವರ್ ಇಲ್ಲ, ಒಂದಲ್ಲ ಒಂದು ದೇಶದ ಆಪರೇಟರ್ ಹತ್ರ ಡೇಟಾ ಸಗಟಾಗಿ ತಗೊಂಡು ನಮಗೆ ಚಿಲ್ರೆ ಮಾರ್ತಾರೆ. ಅದಕ್ಕೆ ಹೆಸರು ನೋಡಿ ತಗೊಳ್ಳೋದಕ್ಕಿಂತ ಏನು ಕೇಳಿ ತಗೋಬೇಕು ಅನ್ನೋದು ಗೊತ್ತಿದ್ರೆ ಯಾವ ಕಂಪನೀದು ತಗೊಂಡ್ರೂ ನಡೆಯುತ್ತೆ.

ಚೀನಾದಲ್ಲಿ ಯಾವುದು ಬಂದ್ ಅಂತ ಗೊತ್ತಿಲ್ದೇ ಇರೋರಿಗೆ ಚಿಕ್ಕದಾಗಿ. ಫೇಸ್‌ಬುಕ್, ಟ್ವಿಟರ್, ಯೂಟ್ಯೂಬ್ 2009ರಿಂದ ಇಲ್ಲ. ಗೂಗಲ್ 2010ರಲ್ಲಿ ತನ್ನ ಸರ್ಚನ್ನ ಹಾಂಗ್‌ಕಾಂಗಿಗೆ ಎತ್ಕೊಂಡು ಹೋಯ್ತು, ಆಮೇಲೆ ಜಿಮೇಲೂ ಹೋಯ್ತು. ಇನ್‌ಸ್ಟಾಗ್ರಾಮ್ 2014ರಲ್ಲಿ, ವಾಟ್ಸಾಪ್ 2017ರಲ್ಲಿ. 2019ರಲ್ಲಿ ವಿಕಿಪೀಡಿಯಾನ ಎಲ್ಲಾ ಭಾಷೇಲೂ ಮುಚ್ಚಿದ್ರು, ಅಂದ್ರೆ ನಮ್ಮ ಕನ್ನಡ ವಿಕಿಪೀಡಿಯಾನೂ ಅಲ್ಲಿ ತೆಗೆಯಲ್ಲ. ಹೋಟೆಲ್ ವೈಫೈ ಇರ್ಲಿ ಲೋಕಲ್ ಸಿಮ್ ಇರ್ಲಿ, ಇದೆಲ್ಲ ಬಂದ್. ನೀವು ಒಂದು ಸೈಟಿನ ಹೆಸರು ಕೇಳಿದಾಗ ತಪ್ಪು ವಿಳಾಸ ಕೊಡ್ತಾರೆ, ಇಲ್ಲಾ ಆ ವಿಳಾಸಕ್ಕೆ ಹೋಗೋ ದಾರೀನೇ ಮುಚ್ಚಿರ್ತಾರೆ, ಇಲ್ಲಾ ಯಾವ ಸೈಟಿಗೆ ಹೋಗ್ತಿದೀರ ಅಂತ ನೋಡಿ ಮಧ್ಯದಲ್ಲೇ ಕನೆಕ್ಷನ್ ಕಟ್ ಮಾಡ್ತಾರೆ. ಫೋನಲ್ಲಿ ನೋಡಿದ್ರೆ ಬ್ಲಾಕ್ ಆಗಿದೆ ಅಂತ ಯಾವ ಬೋರ್ಡೂ ಬರಲ್ಲ, ಸುಮ್ನೆ ಸುತ್ತುತ್ತಾ ಇರುತ್ತೆ, ನೆಟ್‌ವರ್ಕ್ ಸರಿ ಇಲ್ವೇನೋ ಅಂತ ನಾವು ಫೋನ್ ಆಫ್ ಮಾಡಿ ಆನ್ ಮಾಡ್ತಾ ಕೂತಿರ್ತೀವಿ.

ಹಂಗಾದ್ರೆ ಟ್ರಾವೆಲ್ ಇಸಿಮ್ಮಲ್ಲಿ ಹೆಂಗೆ ನಡೆಯುತ್ತೆ? ಅದರಲ್ಲಿ ವಿಪಿಎನ್ (ಡೇಟಾನ ಬೇರೆ ದೇಶದ ಸರ್ವರ್ ಮೂಲಕ ಕಳಿಸೋ ಆ್ಯಪ್) ಗಿಪಿಎನ್ ಏನೂ ಇಲ್ಲ, ಅದು ಮಾಮೂಲಿ ರೋಮಿಂಗ್ ಅಷ್ಟೇ. ಫೋನು ಹಿಡಿಯೋದು ಚೀನಾ ಯೂನಿಕಾಮ್, ಚೀನಾ ಮೊಬೈಲ್ ತರದ ಅಲ್ಲಿನ ಟವರನ್ನೇ, ಆದ್ರೆ ರೋಮಿಂಗ್ ಸಿಮ್ಮಿನ ಡೇಟಾನ ಅಲ್ಲಿನ ಆಪರೇಟರ್ ತನ್ನ ದೇಶದ ಇಂಟರ್ನೆಟ್ಟಿಗೆ ಬಿಡಲ್ಲ, ಸಿಮ್ ಕೊಟ್ಟ ಆಪರೇಟರ್ ಇರೋ ದೇಶಕ್ಕೆ ನೇರವಾಗಿ ಕಳಿಸುತ್ತೆ. ನಮ್ಮ ವ್ಯಾಪಾರದ ಭಾಷೇಲಿ ಹೇಳ್ಬೇಕು ಅಂದ್ರೆ ಸೀಲ್ ಹಾಕಿದ ಕಂಟೇನರ್ ಇದ್ದಂಗೆ, ಹಡಗು ಯಾವ ಪೋರ್ಟಲ್ಲಿ ನಿಂತ್ರೂ ಕಂಟೇನರ್ ಬಿಚ್ಚೋದು ಕೊನೇ ಪೋರ್ಟಲ್ಲಿ ಮಾತ್ರ. ಆ ಕೊನೇ ಜಾಗ ಹಾಂಗ್‌ಕಾಂಗೋ ಸಿಂಗಪುರವೋ ಆಗಿದ್ರೆ ಇಂಟರ್ನೆಟ್ಟಿನ ಲೆಕ್ಕದಲ್ಲಿ ನೀವು ಅಲ್ಲೇ ಕೂತಿದೀರ ಅಂತ ಅರ್ಥ. ಹಾಂಗ್‌ಕಾಂಗಲ್ಲಿ ಚೀನಾ ಒಳಗಿನಂಗೆ ಸೈಟುಗಳನ್ನ ತಡೆಯೋ ಗೋಡೆ ಇಲ್ಲ, ಅದಕ್ಕೇ ವಾಟ್ಸಾಪು, ಜಿಮೇಲು, ಯೂಟ್ಯೂಬು ಎಲ್ಲಾ ಮನೇಲಿ ನಡೆದಂಗೆ ನಡೆಯುತ್ತೆ.

ಆದ್ರೆ ಎಲ್ಲಾ ಚೀನಾ ಇಸಿಮ್ಮೂ ಹಿಂಗಿಲ್ಲ, ಇಲ್ಲೇ ಹುಷಾರಾಗಿರ್ಬೇಕು. ಕಡಿಮೆ ರೇಟಿಗೆ ಸಿಗೋ ಕೆಲವು ಪ್ಯಾಕಲ್ಲಿ ಡೇಟಾ ಚೀನಾ ಒಳಗೇ ಬಿಚ್ಕೊಳ್ಳುತ್ತೆ, ಐಪಿ ಅಡ್ರೆಸ್ಸು, ಅಂದ್ರೆ ಇಂಟರ್ನೆಟ್ಟಲ್ಲಿ ನಿಮ್ಮ ಫೋನಿನ ವಿಳಾಸ, ಚೀನಾದ್ದೇ ಸಿಗುತ್ತೆ. ಪ್ಯಾಕೆಟ್ ಮೇಲೆ ಚೀನಾ 10 ಜಿಬಿ ಹೈಸ್ಪೀಡ್ ಅಂತ ದೊಡ್ಡದಾಗಿ ಬರೆದಿರುತ್ತೆ, ಸ್ಪೀಡೂ ಇರುತ್ತೆ, ವಾಟ್ಸಾಪ್ ಮಾತ್ರ ಬರಲ್ಲ. ತಗೊಳ್ಳೋ ಮುಂಚೆ ಕಂಪನಿ ಚಾಟಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ, ಮೇನ್‌ಲ್ಯಾಂಡ್ ಚೀನಾದಲ್ಲಿ (ಹಾಂಗ್‌ಕಾಂಗ್, ಮಕಾವ್ ಬಿಟ್ಟು ಮಿಕ್ಕ ಚೀನಾ) ಬಳಸುವಾಗ ನನ್ನ ಐಪಿ ಯಾವ ದೇಶದ್ದಾಗಿರುತ್ತೆ ಅಂತ. ಹಾಂಗ್‌ಕಾಂಗ್, ಸಿಂಗಪುರ, ಇಲ್ಲಾ ಯೂರೋಪಿನ ಯಾವುದೋ ದೇಶ ಅಂತ ನೇರ ಉತ್ತರ ಬಂದ್ರೆ ತಗೊಳ್ಳಿ. ವಿಪಿಎನ್ ಹಾಕ್ಕೊಳಿ ಮೇಡಂ ಅಂತ ಉತ್ತರ ಬಂದ್ರೆ ಬಿಟ್ಬಿಡಿ. ನಾನು ವಿಚಾರಿಸಿದ ಕಂಪನಿಗಳಲ್ಲಿ ಒಂದರ ಚಾಟಲ್ಲಿ ಕೂತಿದ್ದೋರಿಗೆ ಈ ಪ್ರಶ್ನೆನೇ ಅರ್ಥ ಆಗ್ಲಿಲ್ಲ, ನಮ್ಮ ಇಸಿಮ್ 200 ದೇಶದಲ್ಲಿ ನಡೆಯುತ್ತೆ ಅಂತ ಅದೇ ಪಾಠ ಒಪ್ಪಿಸ್ತಿದ್ರು, ಅವರ ಹತ್ರ ತಗೊಳ್ಲಿಲ್ಲ.

ಕೊನೆಗೆ ತಗೊಂಡಿದ್ದು 5 ಜಿಬಿ, 30 ದಿನ, ಮೇನ್‌ಲ್ಯಾಂಡ್ ಚೀನಾ ಜೊತೆ ಹಾಂಗ್‌ಕಾಂಗ್ ಮಕಾವ್ ಸೇರಿರೋ ಪ್ಯಾಕು, ಸಾವಿರದ ಚಿಲ್ರೆ ರೂಪಾಯಿ ಆಯ್ತು. ಚೀನಾ ಅಂತ ತಗೊಂಡ್ರೆ ಹಾಂಗ್‌ಕಾಂಗ್ ಸೇರಿರುತ್ತೆ ಅಂದ್ಕೋಬೇಡಿ, ಮೂರನ್ನೂ ಬೇರೆಬೇರೆ ಜಾಗ ಅಂತಾನೇ ಲೆಕ್ಕ ಇಡ್ತಾರೆ. ಶೆಂಝೆನ್‌ಗೆ ಹೋದ ಮೇಲೆ ಬಾರ್ಡರ್ ದಾಟಿ ಹಾಂಗ್‌ಕಾಂಗ್ ನೋಡ್ಕೊಂಡು ಬರೋಣ ಅನ್ಸೇ ಅನ್ಸುತ್ತೆ, ಅದಕ್ಕೆ ಮೂರೂ ಸೇರಿರೋದು ತಗೊಳ್ಳೋದು ಒಳ್ಳೇದು. ಹಾಂಗ್‌ಕಾಂಗಿಗೆ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಡ ಆದ್ರೂ ಮುಂಚೆನೇ ಆನ್‌ಲೈನಲ್ಲಿ ರಿಜಿಸ್ಟ್ರೇಷನ್ ಮಾಡ್ಕೊಂಡಿರ್ಬೇಕು, ಅದು ನೆನಪಿರ್ಲಿ. ಮತ್ತೆ ಚೀನಾಗೆ ವಾಪಸ್ ಬರೋದಿದ್ರೆ ವೀಸಾದಲ್ಲಿ ಎರಡನೇ ಎಂಟ್ರಿ ಇದೆಯಾ ಅಂತಾನೂ ನೋಡ್ಕೊಳ್ಳಿ.

ನಮ್ಮ ದೇಶದಿಂದ ಈ ಇಸಿಮ್ ತಗೊಳ್ಳೋದ್ರಲ್ಲೂ ಒಂದು ಗಂಟು ಇದೆ. 2024ರ ಜನವರೀಲಿ ಏರಾಲೋ, ಹೋಲಾಫ್ಲೈ ಎರಡರ ಆ್ಯಪನ್ನೂ ಇಂಡಿಯಾದ ಆ್ಯಪ್ ಸ್ಟೋರ್, ಪ್ಲೇ ಸ್ಟೋರಿಂದ ತೆಗೆಸಿದ್ರು, ಸರ್ಕಾರದ ಅನುಮತಿ ಇಲ್ದೇ ಹೊರದೇಶದ ಸಿಮ್ ಮಾರ್ತಿದಾರೆ, ಸೈಬರ್ ವಂಚನೆ ಮಾಡೋರು ಇದನ್ನ ಬಳಸ್ಕೊಳ್ತಿದಾರೆ ಅನ್ನೋ ಕಾರಣಕ್ಕೆ. ಟೆಲಿಕಾಂ ಇಲಾಖೆ ಅನುಮತಿ ತಗೊಂಡು ಪಾಸ್‌ಪೋರ್ಟು, ವೀಸಾ ಕಾಪಿ ಇಸ್ಕೊಂಡು ಇಸಿಮ್ ಕೊಡೋ ಕಂಪನಿಗಳು ನಮ್ಮಲ್ಲೂ ಇವೆ, ರೇಟು ಸ್ವಲ್ಪ ಜಾಸ್ತಿ ಇರುತ್ತೆ, ಆದ್ರೆ ಜಿಎಸ್‌ಟಿ ಬಿಲ್ ಸಿಗುತ್ತೆ, ಏನಾದ್ರೂ ಆದ್ರೆ ಫೋನ್ ಮಾಡಿ ಕೇಳೋಕೆ ಒಬ್ರು ಇರ್ತಾರೆ. ವ್ಯಾಪಾರಕ್ಕೆ ಹೋಗೋರು ಇದನ್ನೇ ನೋಡಿ. ನಾನೂ ಅಂಥ ಕಡೇನೇ ತಗೊಂಡಿದ್ದು.

ಫೋನಲ್ಲಿ ಇಸಿಮ್ ಇದೆಯಾ ಅಂತ ನೋಡೋಕೆ *#06# ಒತ್ತಿ, ಐಎಂಇಐ ಜೊತೆಗೆ ಇಐಡಿ ಅಂತ 32 ಅಂಕಿದು ಒಂದು ನಂಬರ್ ಬಂದ್ರೆ ಇದೆ ಅಂತ. ಕಡಿಮೆ ರೇಟಿನ ಆಂಡ್ರಾಯ್ಡ್ ಫೋನಲ್ಲಿ ಬಹಳಷ್ಟಕ್ಕೆ ಇರಲ್ಲ. ಐಫೋನಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್ ಇಂದ ಈಚೆಗೆ ಬಂದಿದ್ದಕ್ಕೆ ಇದೆ, ಆದ್ರೆ ಚೀನಾದಲ್ಲೇ ಮಾರಿದ ಐಫೋನು ಹೆಚ್ಚುಕಮ್ಮಿ ಎಲ್ಲಾದ್ರಲ್ಲೂ ಎರಡು ಪ್ಲಾಸ್ಟಿಕ್ ಸಿಮ್ಮಿನ ಜಾಗ ಇರುತ್ತೆ, ಇಸಿಮ್ ಇರಲ್ಲ. ಯಾರಾದ್ರೂ ಅಲ್ಲಿಂದ ತಂದ್ಕೊಟ್ಟ ಫೋನ್ ಬಳಸ್ತಿದ್ರೆ ಮೊದಲು ಇದನ್ನ ಚೆಕ್ ಮಾಡ್ಕೊಳ್ಳಿ.

ಇನ್‌ಸ್ಟಾಲ್ ಮಾತ್ರ ಮನೇಲೇ, ಮನೆ ವೈಫೈಲೇ ಮಾಡ್ಕೊಳ್ಳಿ. ಅಲ್ಲಿ ಇಳಿದ ಮೇಲೆ ಮಾಡ್ತೀನಿ ಅಂದ್ರೆ ಇಸಿಮ್ ಡೌನ್‌ಲೋಡ್ ಆಗೋಕೇ ಇಂಟರ್ನೆಟ್ ಬೇಕು, ಏರ್‌ಪೋರ್ಟ್ ವೈಫೈಗೆ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿಸಿ ಕೋಡ್ ತಗೊಳ್ಳೋಕೆ ಲೈನ್ ನಿಲ್ಬೇಕು, ತಗೊಂಡ್ಮೇಲೂ ಕ್ಯೂಆರ್ ಕೋಡು ಬಂದಿರೋ ಜಿಮೇಲ್ ಆ ವೈಫೈಲಿ ತೆಗೆಯಲ್ಲ. ದಿನ ಎಣಿಸೋದು ಇನ್‌ಸ್ಟಾಲ್ ಮಾಡಿದ ದಿನದಿಂದಲೋ ಅಥವಾ ಅಲ್ಲಿನ ಟವರ್ ಹಿಡಿದ ದಿನದಿಂದಲೋ ಅಂತ ಕೇಳ್ಕೊಳ್ಳಿ, ಹೆಚ್ಚಿನವು ಎರಡನೇ ತರ. ಒಂದು ಸಲ ಇನ್‌ಸ್ಟಾಲ್ ಆದ್ಮೇಲೆ ಡಿಲೀಟ್ ಮಾಡಿದ್ರೆ ಅದೇ ಕ್ಯೂಆರ್ ಸಾಮಾನ್ಯವಾಗಿ ಮತ್ತೆ ನಡೆಯಲ್ಲ, ಹಂಗಾಗಿ ಏನೇ ಆದ್ರೂ ಡಿಲೀಟ್ ಬಟನ್ ಹತ್ರ ಹೋಗ್ಬೇಡಿ.

ಆಮೇಲೆ ಸೆಟ್ಟಿಂಗು. ನಮ್ಮ ಊರಿನ ಸಿಮ್ಮು ಆನ್ ಇರ್ಲಿ, ಅದು ಬ್ಯಾಂಕ್ ಓಟಿಪಿಗೆ ಬೇಕೇ ಬೇಕು, ಆದ್ರೆ ಅದರ ಡೇಟಾ ರೋಮಿಂಗ್ ಆಫ್. ಡೇಟಾಗೆ ಇಸಿಮ್ ಲೈನ್ ಆರಿಸಿ, ಆ ಲೈನಿನ ಡೇಟಾ ರೋಮಿಂಗ್ ಆನ್. ರೋಮಿಂಗ್ ಆನ್ ಮಾಡಿದ್ರೆ ಬಿಲ್ ಬರುತ್ತೆ ಅಂತ ತುಂಬಾ ಜನ ಹೆದರ್ತಾರೆ, ಇಸಿಮ್ ಲೈನಿಗೆ ಅದು ಆನ್ ಇಲ್ದೇ ಇದ್ರೆ ನೆಟ್ಟೇ ಬರಲ್ಲ, ಅದು ಪ್ರೀಪೇಡು, ಬಿಲ್ ಬರೋ ಮಾತೇ ಇಲ್ಲ. ಐಫೋನಲ್ಲಿ ಒಂದು ಲೈನ್ ವೀಕ್ ಆದಾಗ ಇನ್ನೊಂದರ ಡೇಟಾ ತಾನಾಗೇ ತಗೊಳ್ಳೋ ಸ್ವಿಚ್ ಇದೆ, ಸೆಲ್ಯುಲಾರ್ ಡೇಟಾ ಸ್ವಿಚಿಂಗ್ ಅಂತ, ಅದನ್ನ ಆಫ್ ಮಾಡಿ. ನಮ್ಮ ಸಿಮ್ಮಿನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಆಕ್ಟಿವ್ ಇದ್ರೇನೇ ಎಸ್‌ಎಂಎಸ್ ಬರೋದು, ಹೊರಡೋ ಮುಂಚೆ ಆಪರೇಟರ್ ಆ್ಯಪಲ್ಲಿ ನೋಡ್ಕೊಳ್ಳಿ. ಕಾಲ್ ಬಂದ್ರೆ ಎತ್ಬೇಡಿ, ಪ್ಯಾಕ್ ಇಲ್ದೇ ಎತ್ತಿದ್ರೆ ನಿಮಿಷಕ್ಕೆ ದುಡ್ಡು ಹೋಗುತ್ತೆ. ವಾಟ್ಸಾಪ್ ನಂಬರ್ ಬದಲಾಗುತ್ತಾ ಅಂತ ನಮ್ಮ ಅತ್ತೆ ಕೂಡ ಕೇಳಿದ್ರು, ಬದಲಾಗಲ್ಲ, ಯಾವ ಸಿಮ್ಮಿನ ಡೇಟಾ ಆದ್ರೂ ವಾಟ್ಸಾಪಿಗೆ ನಿಮ್ಮ ಹಳೇ ನಂಬರೇ.

ಗ್ವಾಂಗ್‌ಝೌನಲ್ಲಿ ವಿಮಾನ ಇಳಿದು ಏರ್‌ಪ್ಲೇನ್ ಮೋಡ್ ತೆಗೆದ ಮೇಲೆ ಸ್ವಲ್ಪ ಹೊತ್ತಿಗೆ ಸಿಗ್ನಲ್ ಬಂತು, ಇಮಿಗ್ರೇಷನ್ ಲೈನಲ್ಲಿ ನಿಂತಿದ್ದಂಗೇ ಮನೇಯಿಂದ ಬಂದ ಮೆಸೇಜೆಲ್ಲ ಸಾಲಾಗಿ ಬಿದ್ವು. ಕ್ಯಾಂಟನ್ ಫೇರ್ ನಡೆಯೋ ಪಝೌ ಹಾಲುಗಳಲ್ಲಿ ಜನ ಜಾತ್ರೆ, ಅಲ್ಲೂ ನೆಟ್ ಚೆನ್ನಾಗಿತ್ತು. ಈ ಫೇರ್ 1957ರಿಂದ ನಡೀತಿದೆ, ವರ್ಷಕ್ಕೆ ಎರಡು ಸಲ. ಸ್ಟಾಲಿನಲ್ಲಿರೋ ಸೇಲ್ಸ್ ಹುಡುಗ ಹುಡುಗೀರು ವೀಚಾಟ್ (ವಾಟ್ಸಾಪ್ ತರದ ಚೀನಾ ಆ್ಯಪ್) ಕೇಳ್ತಾರೆ, ನಮ್ಮದು ಇಂಡಿಯಾ ಅಂದ ತಕ್ಷಣ ಅವರೇ ವಾಟ್ಸಾಪ್ ಕ್ಯೂಆರ್ ತೋರಿಸ್ತಾರೆ. 2020ರ ಜೂನ್ 29ಕ್ಕೆ ನಮ್ಮ ಸರ್ಕಾರ ನಿಷೇಧ ಮಾಡಿದ 59 ಆ್ಯಪಲ್ಲಿ ವೀಚಾಟೂ ಇತ್ತು ಅಂತ ಅವರಿಗೂ ಗೊತ್ತು. ಹಂಗಾಗಿ ವಾಟ್ಸಾಪ್ ನಡೆಯೋದು ನಮಗೆ ಬರೀ ಮನೆಯೋರ ಜೊತೆ ಮಾತಾಡೋಕಲ್ಲ, ವ್ಯಾಪಾರವೇ ಅದರ ಮೇಲೆ ನಿಂತಿದೆ.

ನನಗೆ ಈ ಇಸಿಮ್ಮಿನ ಬೆಲೆ ಪೂರ್ತಿ ಗೊತ್ತಾಗಿದ್ದು ಶೆಂಝೆನ್‌ನ ಹ್ವಾಚಿಯಾಂಗ್‌ಬೇಲಿ. ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟು, ಕಟ್ಟಡದ ಒಳಗೆ ಮಹಡಿ ಮೇಲೆ ಮಹಡಿ, ಒಂದೊಂದು ಅಂಗಡೀನೂ ಒಂದು ಟೇಬಲ್ ಅಗಲ, ಗಾಜಿನ ಕೆಳಗೆ ಕನೆಕ್ಟರು, ಸ್ವಿಚ್ಚು, ಎಲ್‌ಇಡಿ ರೀಲು. ಒಂದು ಅಂಗಡೀಲಿ ನಮಗೆ ಬೇಕಾದ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಕೊಡೋ ಡಬ್ಬಿ) ತರದ್ದೇ ಕಾಣಿಸ್ತು, ಆದ್ರೆ ಹಿಂದಿನ ಸ್ಟಿಕ್ಕರಲ್ಲಿ ಔಟ್‌ಪುಟ್ ವೋಲ್ಟೇಜು ಬೇರೆ ಇತ್ತು. ಫೋಟೋ ತೆಗೆದು ಬೆಂಗಳೂರಿನ ನಮ್ಮ ಅಂಗಡೀಲಿರೋ ಹುಡುಗನಿಗೆ ಕಳಿಸ್ದೆ, ಅವನು ಅಲ್ಲಿ ಎಸ್‌ಪಿ ರೋಡಲ್ಲಿ ಹಳೇ ಪೀಸ್ ಬಿಚ್ಚಿ ಪಕ್ಕದಲ್ಲಿಟ್ಟು ಫೋಟೋ ವಾಪಸ್ ಕಳಿಸ್ದ, ‘ಅಕ್ಕ ಇದಲ್ಲ, ವೈರ್ ಮೂರಿರ್ಬೇಕು’ ಅಂತ ವಾಯ್ಸ್ ನೋಟ್ ಹಾಕ್ದ, ಅಂಗಡಿಯಮ್ಮ ಕೆಳಗಿನ ಡ್ರಾ ಎಳೆದು ಮೂರು ವೈರಿಂದು ತೆಗೆದು ಕ್ಯಾಲ್ಕುಲೇಟರಲ್ಲಿ ರೇಟ್ ಒತ್ತಿ ನನ್ನ ಕಡೆ ತಿರುಗಿಸಿದ್ರು. ಇದಿಷ್ಟೂ ನಾನು ಆ ಟೇಬಲ್ ಮುಂದೆ ನಿಂತಿದ್ದಂಗೇ ಆಯ್ತು. ಅಲ್ಲಿ ಫೋಟೋ ತೆಗೆದು ರಾತ್ರಿ ಹೋಟೆಲಿಗೆ ಹೋಗಿ ವಿಪಿಎನ್ ಹಾಕಿ ಕಳಿಸಿ, ಬೆಳಗ್ಗೆ ಉತ್ತರ ನೋಡಿ ಮತ್ತೆ ಆ ಅಂಗಡಿ ಹುಡುಕ್ಕೊಂಡು ಹೋಗೋದು ಅಂದ್ರೆ ಆ ಮಾರ್ಕೆಟ್ಟಲ್ಲಿ ಆಗೋ ಕೆಲಸ ಅಲ್ಲ.

ವೈಫೈ ವಿಷ್ಯ ಮಾತ್ರ ತಲೇಲಿ ಇಟ್ಕೊಳ್ಳಿ. ಗ್ವಾಂಗ್‌ಝೌ ಹೋಟೆಲಲ್ಲಿ ಚಿಕ್ಕಪ್ಪ ‘ಏನಮ್ಮ ಇದು, ರೋಡಲ್ಲಿ ಹೋಗ್ತಿತ್ತು, ರೂಮಿಗೆ ಬಂದ ಮೇಲೆ ಮೆಸೇಜ್ ಹೋಗ್ತಾನೇ ಇಲ್ಲ’ ಅಂತ ಫೋನ್ ಹಿಡ್ಕೊಂಡು ಬಂದ್ರು. ನೋಡಿದ್ರೆ ಮೆಸೇಜ್ ಪಕ್ಕ ಗಡಿಯಾರದ ಚಿಹ್ನೆ, ಮೇಲ್ಗಡೆ ವೈಫೈ ಗುರುತು ಫುಲ್. ರಿಸೆಪ್ಷನ್ನಲ್ಲಿ ಹುಡುಗಿ ಪ್ರೀತಿಯಿಂದ ಅವರ ಫೋನಿಗೆ ವೈಫೈ ಹಾಕ್ಕೊಟ್ಟಿದ್ಲು. ವೈಫೈ ಹಿಡಿದ ತಕ್ಷಣ ಫೋನು ರೋಮಿಂಗ್ ಬಿಟ್ಟು ಅದನ್ನ ಹಿಡ್ಕೊಳ್ಳುತ್ತೆ, ಹೋಟೆಲ್ ವೈಫೈ ಗೋಡೆ ಒಳಗಿಂದು. ವೈಫೈ ಆಫ್ ಮಾಡ್ಕೊಟ್ಟೆ, ಗಡಿಯಾರ ಹೋಗಿ ಎರಡು ಟಿಕ್ ಬಂತು. ಇಸಿಮ್ ಕೆಲಸ ಮಾಡ್ತಿಲ್ಲ ಅಂತ ಕಂಪನಿಗೆ ಬೈಯ್ಯೋ ಮುಂಚೆ ಎಲ್ಲರೂ ಮೊದಲು ವೈಫೈ ನೋಡಿ, ಎಷ್ಟೋ ಕಂಪ್ಲೇಂಟ್ ಇದೊಂದರಲ್ಲೇ ಮುಗಿಯುತ್ತೆ.

ಚಿಕ್ಕಪ್ಪನ ರೋಮಿಂಗ್ ಪ್ಯಾಕ್ ಬಗ್ಗೆನೂ ಹೇಳ್ಬೇಕು, ಅದೇನು ಕೆಟ್ಟದ್ದಲ್ಲ. ಅದರ ಡೇಟಾ ಇಂಡಿಯಾಗೇ ಬಂದು ಬಿಚ್ಕೊಳ್ಳುತ್ತೆ, ಹಂಗಾಗಿ ವಾಟ್ಸಾಪೂ ಬರುತ್ತೆ, ಇಂಡಿಯಾ ಐಪಿ ಇರೋದ್ರಿಂದ ಇಲ್ಲಿನ ಆ್ಯಪೆಲ್ಲ ತಕರಾರಿಲ್ದೇ ನಡೆಯುತ್ತೆ, ನಿಮಿಷಗಳೂ ಸೇರಿರೋ ಪ್ಯಾಕ್ ಆದ್ರೆ ಕಾಲೂ ಮಾಡ್ಬಹುದು. ನನ್ನ ಇಸಿಮ್ಮಲ್ಲಿ ಹಾಂಗ್‌ಕಾಂಗ್ ಐಪಿ ಇದ್ದಿದ್ರಿಂದ ಜಿಯೋಹಾಟ್‌ಸ್ಟಾರ್ ತೆಗೀಲಿಲ್ಲ, ಚಿಕ್ಕಪ್ಪ ರಾತ್ರಿ ಆರಾಮಾಗಿ ಮ್ಯಾಚ್ ನೋಡ್ತಿದ್ರು. ನಮ್ಮ ಕೆಲವು ಸರ್ಕಾರಿ ವೆಬ್‌ಸೈಟೂ ಹೊರದೇಶದ ಐಪಿಗೆ ತೆಗೆಯಲ್ಲ, ಅರ್ಜೆಂಟಾಗಿ ಏನಾದ್ರೂ ರಿಟರ್ನ್ ಫೈಲ್ ಮಾಡೋದಿದ್ರೆ ಹೊರಡೋ ಮುಂಚೆ ಮುಗಿಸ್ಕೊಳ್ಳಿ. ಆದ್ರೆ ರೋಮಿಂಗ್ ಪ್ಯಾಕಿಗೆ ನಾನು ಕೊಟ್ಟಿದ್ದರ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು, ಡೇಟಾ ನನಗಿಂತ ಕಮ್ಮಿ. ಇನ್ನೊಂದು, ಇಂಡಿಯಾಗೆ ಬಂದು ಬಿಚ್ಕೊಂಡ ಮೇಲೆ ಇಂಡಿಯಾದ ನಿಷೇಧಗಳೂ ಅದಕ್ಕೆ ಅಂಟ್ಕೊಳ್ಳುತ್ತೆ, ಇಲ್ಲಿ ಬಂದ್ ಆಗಿರೋ ಟಿಕ್‌ಟಾಕ್ ತರದ್ದು ಅಲ್ಲಿ ಕೂತ್ರೂ ಆ ಸಿಮ್ಮಲ್ಲಿ ತೆಗೆಯಲ್ಲ. ವಯಸ್ಸಾದೋರು, ಸೆಟ್ಟಿಂಗಿಗೆ ಕೈ ಹಾಕೋಕೆ ಇಷ್ಟ ಇಲ್ದೇ ಇರೋರು, ಇಸಿಮ್ ಇಲ್ಲದ ಫೋನಿರೋರು, ಇವರಿಗೆ ರೋಮಿಂಗ್ ಪ್ಯಾಕೇ ಸರಿ, ದುಡ್ಡು ಜಾಸ್ತಿ ಆದ್ರೂ ತಲೆನೋವಿಲ್ಲ.

ಲೋಕಲ್ ಸಿಮ್ ಕಥೆ ಬೇರೆ. ಪಾಸ್‌ಪೋರ್ಟ್ ಕೊಟ್ಟು, ಕ್ಯಾಮೆರಾ ಮುಂದೆ ಮುಖ ತೋರಿಸಿ ತಗೋಬೇಕು, 2019ರ ಡಿಸೆಂಬರಿಂದ ಮುಖದ ಸ್ಕ್ಯಾನ್ ಕಡ್ಡಾಯ. ಡೇಟಾ ಸಿಕ್ಕಾಪಟ್ಟೆ ಸಿಗುತ್ತೆ, ರೇಟು ಕಮ್ಮಿ, ಚೀನಾ ನಂಬರ್ ಸಿಗುತ್ತೆ, ಅದರ ಬೆಲೆ ಅಲ್ಲಿ ಹೋದ್ಮೇಲೇ ಗೊತ್ತಾಗೋದು. ಕೆಫೆ ವೈಫೈಗೆ, ವೀಚಾಟ್ ತರದ ಆ್ಯಪ್ ಒಳಗೇ ತೆರೆಯೋ ಎಷ್ಟೋ ಅಂಗಡಿಗಳ ಮಿನಿ ಆ್ಯಪಿಗೆ ಚೀನಾ ನಂಬರಿಗೆ ಬರೋ ಕೋಡ್ ಬೇಕು. ನನ್ನ ಇಸಿಮ್ಮಲ್ಲಿ ನಂಬರೇ ಇಲ್ಲ, ಬರೀ ಡೇಟಾ. ದೀದಿ ಟ್ಯಾಕ್ಸಿ ಬುಕ್ ಮಾಡ್ದಾಗ ಡ್ರೈವರ್ ಫೋನ್ ಮಾಡೋಕೆ ಆಗಲ್ಲ, ಆ್ಯಪ್ ಒಳಗಿನ ಚಾಟಲ್ಲೇ ಮಾತು, ಅದು ಅನುವಾದ ಆಗಿ ಬರುತ್ತೆ, ‘ನಾನು ಬಿಳಿ ಕಾರ್ ಹತ್ರ, ಎರಡನೇ ಗೇಟ್’ ಅಂತ ಅವರು ಬರೀತಾರೆ, ನಾವು ಗೇಟ್ ನಂಬರ್ ಫೋಟೋ ಕಳಿಸ್ತೀವಿ, ನಡೆಯುತ್ತೆ. ಚಿಕ್ಕಪ್ಪನ ಸ್ನೇಹಿತರ ಲೋಕಲ್ ಸಿಮ್ಮಲ್ಲಿ ಚೀನಾ ಆ್ಯಪೆಲ್ಲ ನಮ್ಮದಕ್ಕಿಂತ ಬೇಗ ತೆರೀತಿತ್ತು, ಆದ್ರೆ ಮನೆಗೆ ವಿಡಿಯೋ ಕಾಲ್ ಮಾಡೋಕೆ ದಿನಾ ರಾತ್ರಿ ನನ್ನ ಹಾಟ್‌ಸ್ಪಾಟಿಗೇ ಬರ್ತಿದ್ರು. ತಿಂಗಳುಗಟ್ಟಲೆ ಇರೋ ವಿದ್ಯಾರ್ಥಿಗಳಿಗೆ, ಅಲ್ಲೇ ಆಫೀಸ್ ಇಟ್ಟಿರೋರಿಗೆ ಲೋಕಲ್ ಸಿಮ್ ಬೇಕೇ ಬೇಕು, ಸ್ವಲ್ಪ ದಿನಕ್ಕೆ ಹೋಗಿ ಬರೋರಿಗೆ ಬೇಡ.

ಹಾಂಗ್‌ಕಾಂಗ್ ಐಪಿಯ ಇನ್ನೊಂದು ತೊಂದರೆ ಯಾರೂ ಹೇಳಲ್ಲ. ಚಾಟ್‌ಜಿಪಿಟಿ ಹಾಂಗ್‌ಕಾಂಗಿಗೂ ಸರ್ವೀಸ್ ಕೊಡಲ್ಲ, ಅಲ್ಲಿ ಬಂದ್ ಮಾಡಿರೋದು ಚೀನಾ ಅಲ್ಲ, ಕಂಪನೀನೇ. ಕೊಟೇಷನ್ ಮೇಲ್ ಬರೆಯೋಕೆ, ಚೈನೀಸ್ ಲೇಬಲ್ ಓದಿಸೋಕೆ ಅದನ್ನ ನಂಬ್ಕೊಂಡಿರೋರು ಸಿಂಗಪುರದ ಐಪಿ ಕೊಡೋ ಇಸಿಮ್ ಕೇಳಿ ತಗೊಳ್ಳಿ. ನಾನು ಗೂಗಲ್ ಟ್ರಾನ್ಸ್‌ಲೇಟ್ ಕ್ಯಾಮೆರಾದಲ್ಲೇ ಸುಧಾರಿಸ್ದೆ, ಚೈನೀಸ್ ಭಾಷೆ ಮುಂಚೇನೇ ಡೌನ್‌ಲೋಡ್ ಮಾಡ್ಕೊಂಡಿದ್ದಕ್ಕೆ ನೆಟ್ ಇಲ್ಲದ ಕಡೇನೂ ಓದ್ತಿತ್ತು.

ಗೂಗಲ್ ಮ್ಯಾಪ್ ತೆರೆಯುತ್ತೆ, ಆದ್ರೆ ನಂಬ್ಬೇಡಿ. ಚೀನಾದಲ್ಲಿ ನಕ್ಷೆಗಳಿಗೆ ಸರ್ಕಾರ ಹೇಳಿದ ಬೇರೆ ಅಳತೆ ಲೆಕ್ಕ ಇದೆ, ಅದಕ್ಕೂ ಜಿಪಿಎಸ್ಸಿಗೂ ನೂರಾರು ಮೀಟರ್ ವ್ಯತ್ಯಾಸ ಬರುತ್ತೆ, ನೀವು ರೋಡಲ್ಲಿ ನಿಂತಿದ್ರೆ ನೀಲಿ ಚುಕ್ಕೆ ಪಕ್ಕದ ಕೆರೇಲಿ ಇರುತ್ತೆ. ಅಮ್ಯಾಪ್ ಅನ್ನೋ ಚೀನಾದ ಮ್ಯಾಪ್ ಆ್ಯಪ್ ಹಾಕ್ಕೊಳಿ, ಐಫೋನಿನೋರಿಗೆ ಆ್ಯಪಲ್ ಮ್ಯಾಪ್ಸೇ ಸಾಕು, ಅದು ಅಲ್ಲಿ ಅಮ್ಯಾಪ್‌ನೋರ ಡೇಟಾನೇ ಬಳಸುತ್ತೆ. ಚೀನಾ ಆ್ಯಪ್‌ಗಳು ರೋಮಿಂಗಲ್ಲಿ ಸ್ವಲ್ಪ ನಿಧಾನ, ಯಾಕಂದ್ರೆ ನಿಮ್ಮ ಡೇಟಾ ಹಾಂಗ್‌ಕಾಂಗಿಗೆ ಹೋಗಿ ಮತ್ತೆ ಚೀನಾ ಒಳಗೆ ಬರ್ಬೇಕು. ಶೆಂಝೆನ್‌ನಲ್ಲಿ ಅಷ್ಟು ಗೊತ್ತಾಗ್ಲಿಲ್ಲ, ಹಾಂಗ್‌ಕಾಂಗ್ ಪಕ್ಕದಲ್ಲೇ ಇದೆ. ಯಿವೂನಲ್ಲಿ ಅಲಿಪೇ (ಫೋನಲ್ಲೇ ದುಡ್ಡು ಕೊಡೋ ಚೀನಾ ಆ್ಯಪ್) ಕ್ಯೂಆರ್ ತೆರೆಯೋಕೆ ಒಂದೊಂದ್ಸಲ ತಡ ಆಗೋದು, ಹಿಂದೆ ಜನ ನಿಂತಿರ್ತಾರೆ, ಅದಕ್ಕೆ ಲೈನಲ್ಲಿ ನಿಂತಾಗಲೇ ತೆಗೆದು ಇಟ್ಕೊಳ್ತಿದ್ದೆ.

ಅಲಿಪೇ ಅಂದೆ, ಡೇಟಾ ಇಲ್ದೇ ಇದ್ರೆ ಅಲ್ಲಿ ಊಟಾನೂ ಕಷ್ಟ ಯಾಕೆ ಅಂದ್ರೆ ಇದಕ್ಕೇ, ಬೀದಿ ಬದಿ ಕಿತ್ತಳೆ ಮಾರೋ ಅಜ್ಜಿ ಹತ್ರಾನೂ ಕ್ಯೂಆರ್, ನೋಟು ಕೊಟ್ರೆ ಚಿಲ್ರೆ ಹುಡುಕ್ತಾರೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ, 200 ಯುವಾನ್ ಒಳಗಿನದಕ್ಕೆ ಅವರು ಚಾರ್ಜ್ ಹಾಕಲ್ಲ, ಅದಕ್ಕಿಂತ ಜಾಸ್ತಿ ಆದ್ರೆ 3 ಪರ್ಸೆಂಟ್. ನಮ್ಮ ಕಾರ್ಡಲ್ಲಿ ಹೊರದೇಶದ ವ್ಯವಹಾರ ಬ್ಯಾಂಕ್ ಆ್ಯಪಲ್ಲಿ ಆನ್ ಮಾಡ್ಬೇಕು. ಅಲಿಪೇ ರಿಜಿಸ್ಟರ್ ಆಗೋದು, ಕಾರ್ಡ್ ಜೋಡಿಸೋದು, ಪಾಸ್‌ಪೋರ್ಟ್ ಫೋಟೋ ಹಾಕೋದು ಎಲ್ಲಾ ಬೆಂಗಳೂರಲ್ಲೇ ಮುಗಿಸ್ಕೊಳ್ಳಿ, ಓಟಿಪಿ ತಡ ಆದ್ರೂ ಇಲ್ಲಿ ಕೂತು ಕಾಯ್ಬಹುದು.

5 ಜಿಬಿ ಸಾಕಾಯ್ತಾ? ನನಗೆ ಸಾಕಾಗ್ಲಿಲ್ಲ. ಫೇರಲ್ಲಿ ಒಬ್ಬೊಬ್ರು ಕಳಿಸೋ ಕ್ಯಾಟಲಾಗ್ ಪಿಡಿಎಫ್ ತುಂಬಾ ದೊಡ್ಡದು, ಮೇಲೆ ವಿಡಿಯೋ ಕಾಲು, ಹಾಟ್‌ಸ್ಪಾಟು. ಫೋಟೋಗಳು ತಾವಾಗೇ ಗೂಗಲ್ ಫೋಟೋಸಿಗೆ ಏರೋದನ್ನ ಮೊಬೈಲ್ ಡೇಟಾದಲ್ಲಿ ಆಫ್ ಮಾಡಿ, ಹೋಟೆಲ್ ವೈಫೈಲಿ ಅದು ಏರಲ್ಲ, ಹಂಗಾಗಿ ಪೂರ್ತಿ ಇಸಿಮ್ಮಿನ ಮೇಲೇ ಬೀಳುತ್ತೆ. ಟಾಪಪ್ ಮಾಡೋಕೆ ಹೋದ್ರೆ ಪೇಮೆಂಟ್ ಆಯ್ತು, ಡೇಟಾ ಸೇರಿದ್ದು ತುಂಬಾ ಹೊತ್ತಾದ ಮೇಲೆ, ಸಪೋರ್ಟ್ ಚಾಟಲ್ಲಿ ಬರೀ ನಿಮ್ಮ ಮೆಸೇಜ್ ನಮಗೆ ಮುಖ್ಯ ಅಂತ ಮಷೀನ್ ಉತ್ತರ. ಆ ಹೊತ್ತಲ್ಲಿ ಚಿಕ್ಕಪ್ಪನ ಫೋನಿಂದ ಹಾಟ್‌ಸ್ಪಾಟ್ ತಗೊಂಡೆ. ಒಬ್ರೇ ಹೋಗ್ತಿದ್ರೆ ಡೇಟಾ ಪೂರ್ತಿ ಖಾಲಿ ಆಗೋ ಮುಂಚೆ, ಅರ್ಧ ಜಿಬಿ ಇರೋವಾಗಲೇ ಟಾಪಪ್ ಮಾಡಿ. ಅನ್‌ಲಿಮಿಟೆಡ್ ಅನ್ನೋ ಪ್ಯಾಕಲ್ಲೂ ದಿನಕ್ಕೆ ಇಷ್ಟು ಅಂತ ಮಿತಿ ಇರುತ್ತೆ, ಅದಾದ ಮೇಲೆ ವಾಟ್ಸಾಪ್ ಮೆಸೇಜ್ ಮಾತ್ರ ಹೋಗೋ ಅಷ್ಟು ನಿಧಾನ ಮಾಡ್ತಾರೆ, ಸಣ್ಣ ಅಕ್ಷರ ಓದಿ ತಗೊಳ್ಳಿ.

ಇದು ಚೀನಾಗೆ ಮಾತ್ರ ಅಲ್ಲ. ದುಬೈ ಕಡೆ ವಾಟ್ಸಾಪ್ ಕಾಲ್ ನಡೆಯಲ್ಲ ಅಂತ ನಮ್ಮ ಮಂಗಳೂರಿನೋರಿಗೆಲ್ಲ ಗೊತ್ತು, ಅಲ್ಲೂ ಡೇಟಾ ಯಾವ ದೇಶದಲ್ಲಿ ಬಿಚ್ಕೊಳ್ಳುತ್ತೆ ಅನ್ನೋದೇ ಪ್ರಶ್ನೆ. ಟರ್ಕಿಲಿ 2025ರ ಜುಲೈಲಿ ಇಸಿಮ್ ಮಾರೋ ಎಷ್ಟೋ ಸೈಟುಗಳನ್ನೇ ಬಂದ್ ಮಾಡಿದ್ರು, ಮುಂಚೆನೇ ಹಾಕ್ಕೊಂಡು ಹೋಗ್ಬೇಕು. ರಷ್ಯಾದಲ್ಲಿ 2025ರ ಅಕ್ಟೋಬರಿಂದ ಹೊರದೇಶದ ಸಿಮ್ಮು ಅಲ್ಲಿ ಕಾಲಿಟ್ಟ ಮೇಲೆ 24 ಗಂಟೆ ಡೇಟಾ, ಎಸ್‌ಎಂಎಸ್ ಬರಲ್ಲ, ಇಳಿದ ತಕ್ಷಣ ಇಸಿಮ್ ನಡೆಯುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ಟವರನ್ನೇ ಆಫ್ ಮಾಡಿದ ಕಡೆ ಯಾವ ಇಸಿಮ್ಮೂ ನಡೆಯಲ್ಲ.

ಇಸಿಮ್ ಹಾಕ್ಕೊಂಡ್ರೆ ಯಾರಿಗೂ ಕಾಣಿಸಲ್ಲ ಅಂತಾನೂ ಅಂದ್ಕೋಬೇಡಿ. ನಿಮ್ಮ ಫೋನು ಯಾವ ಟವರ್ ಹತ್ರ ಇದೆ ಅಂತ ಅಲ್ಲಿನ ಆಪರೇಟರಿಗೆ ಗೊತ್ತಿರುತ್ತೆ, ಯಾವ ಸೈಟಿಗೆ ಹೋಗ್ತಿದೀರ ಅನ್ನೋದು ಇಸಿಮ್ ಕೊಟ್ಟೋರಿಗೆ ಕಾಣುತ್ತೆ. ವಾಟ್ಸಾಪ್, ಮೇಲ್, ಮ್ಯಾಪ್, ದುಡ್ಡು ಕೊಡೋದು, ಇಷ್ಟಕ್ಕೆ ಇದು ಚೆನ್ನಾಗಿದೆ.

ನನ್ನ ಲೆಕ್ಕದಲ್ಲಿ ಈ ಸರ್ವೀಸಿಗೆ ಐದಕ್ಕೆ ನಾಲ್ಕು. ಕಡಿಮೆ ಆಗಿರೋ ಒಂದು ಆ ಟಾಪಪ್‌ಗೆ, ಸಪೋರ್ಟಿಗೆ. ಮುಂದಿನ ಫೇರಿಗೆ 10 ಜಿಬಿದು, ಸಿಂಗಪುರ ಐಪಿದು ತಗೋತೀನಿ, ಚಿಕ್ಕಪ್ಪಂಗೆ ಅವರ ರೋಮಿಂಗ್ ಪ್ಯಾಕೇ ಇರ್ಲಿ, ಇಬ್ರೂ ಜೊತೇಲಿ ಹೋದಾಗ ಎರಡು ಬೇರೆ ದಾರಿ ಇದ್ರೆ ಒಂದು ಕೈ ಕೊಟ್ರೂ ಇನ್ನೊಂದು ಇರುತ್ತೆ.